ಲಿವರ್‌ಪೂಲ್ 2024-25ರ ಹೋಮ್ ಜೆರ್ಸಿ, ಬೆನ್ನಿಗೆ 66: ಒಂದೂವರೆ ವರ್ಷ ಹಾಕಿ ಒಗೆದ ಮೇಲೆ

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್‌ನ ಈ ಜೆರ್ಸಿ ನನ್ನ ಕೈಗೆ ಬಂದಿದ್ದು 2024ರ ಗಣೇಶ ಹಬ್ಬಕ್ಕೆ. ಅಣ್ಣ ಮ್ಯಾಂಚೆಸ್ಟರ್‌ನಲ್ಲಿ ಕೆಲಸದಲ್ಲಿದ್ದಾನೆ. ರಜೆಗೆ ಹೊರಡುವ ಮುಂಚಿನ ವಾರ ರೈಲು ಹತ್ತಿ ಲಿವರ್‌ಪೂಲ್‌ಗೆ ಹೋಗಿ, ಲಿವರ್‌ಪೂಲ್ ಒನ್‌ನಲ್ಲಿರುವ ಕ್ಲಬ್ಬಿನ ಅಂಗಡಿಯಿಂದ ತಂದ. ಆಫೀಸಿನಲ್ಲಿ ಅರ್ಧ ಜನ ನಮ್ಮ ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್ ಕಡೆಯವರು ಅಂತ ಬ್ಯಾಗಿನ ತಳಕ್ಕೆ ಹಾಕಿಕೊಂಡು ಬಂದನಂತೆ. ಬೆನ್ನ ಮೇಲೆ ಏನೂ ಬರೆಸಿರಲಿಲ್ಲ. "ಯಾರ ಹೆಸರು ಬೇಕೋ ನೀನೇ ಹಾಕಿಸ್ಕೋ, ನನಗೆ ಅವೆಲ್ಲ ಗೊತ್ತಾಗಲ್ಲ" ಅಂದ. ನಾನು ಯೋಚನೆ ಮಾಡುವಂಥದ್ದೇನೂ ಇರಲಿಲ್ಲ. ರೈಟ್‌ಬ್ಯಾಕ್ ಅಂದರೆ ಬಲಬದಿಯ ಡಿಫೆಂಡರ್, 66, ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್.

ಮೊದಲು ಬಟ್ಟೆಯ ವಿಷಯ. ನೈಕಿ ಲಿವರ್‌ಪೂಲ್‌ಗೆ ಮಾಡಿಕೊಟ್ಟ ಕೊನೆಯ ಸೀಸನ್ನಿನ ಜೆರ್ಸಿ ಇದು. 2025ರ ಆಗಸ್ಟ್‌ನಿಂದ ಅಡಿಡಾಸ್ ಬಂದಿದೆ. ನನ್ನದು ಅಭಿಮಾನಿಗಳಿಗೆ ಅಂತ ಮಾರುವ ಮಾಮೂಲಿ ಜೆರ್ಸಿ, ಆಟಗಾರರು ಹಾಕುವ ಮೈಗಂಟುವ ಥರದ್ದಲ್ಲ. ದೂರದಿಂದ ಬರೀ ಕೆಂಪು. ಹತ್ತಿರ ಹಿಡಿದರೆ ಕೆಂಪಿನೊಳಗೇ ಇನ್ನೊಂದು ಕೆಂಪಿನಲ್ಲಿ ವೈಎನ್‌ಡಬ್ಲ್ಯೂಎ (ಕ್ಲಬ್ಬಿನ ಹಾಡು 'ಯೂ ವಿಲ್ ನೆವರ್ ವಾಕ್ ಅಲೋನ್') ಅನ್ನುವ ನಾಲ್ಕು ಅಕ್ಷರ ಮೈತುಂಬ ಹರಡಿಕೊಂಡಿವೆ. ಎದೆಯ ಮೇಲೆ ಕ್ಲಬ್ಬಿನ ಗುರುತಾದ ಹಕ್ಕಿ, ಲಿವರ್ ಬರ್ಡ್, ಹಳದಿ ಬಣ್ಣದಲ್ಲಿದೆ. ಎಂಬತ್ತರ ದಶಕದ ಜೆರ್ಸಿ ನೆನಪಾಗಲಿ ಅಂತ ಹಾಗೆ ಮಾಡಿದ್ದು. ಬಟ್ಟೆ ಹಗುರ. ಬೆಂಗಳೂರಿನ ಮಾರ್ಚ್, ಏಪ್ರಿಲ್ ಸೆಕೆಗೂ ಸರಿಹೋಗುತ್ತದೆ, ಬೆವರಿದರೆ ಬೆನ್ನಿಗೆ ಅಂಟುವುದು ಕಡಿಮೆ. ರಾತ್ರಿ ಒಗೆದು ಬಾಲ್ಕನಿಯಲ್ಲಿ ಹಾಕಿದರೆ ಬೆಳಗ್ಗೆ ಒಣಗಿರುತ್ತದೆ, ಮಳೆಗಾಲದಲ್ಲೂ. ಒಂದೂವರೆ ವರ್ಷದಲ್ಲಿ ಬಣ್ಣ ಬಿಟ್ಟಿಲ್ಲ. ಬಿಳಿ ಬಟ್ಟೆ ಜೊತೆ ಒಂದು ಸಲ ಮಷಿನ್‌ಗೆ ಹೋಗಿತ್ತು, ಆಗಲೂ ಏನೂ ಆಗಲಿಲ್ಲ.

ಕುತ್ತಿಗೆಯ ಹಿಂದೆ, ಕಾಲರಿನ ಕೆಳಗೆ, ಎರಡು ದೀಪದ ಜ್ವಾಲೆ, ನಡುವೆ 97 ಅಂತ ಸಣ್ಣದಾಗಿ ಇದೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ಮ್ಯಾಚ್ ನೋಡಲು ಹೋಗಿ ನೂಕುನುಗ್ಗಲಿನಲ್ಲಿ ಸಿಕ್ಕು ತೀರಿಕೊಂಡವರ ಸಂಖ್ಯೆ ಅದು. ಗಾಯಗೊಂಡು ಮೂವತ್ತೆರಡು ವರ್ಷ ಬದುಕಿ 2021ರಲ್ಲಿ ತೀರಿಕೊಂಡವರೊಬ್ಬರನ್ನೂ ಸೇರಿಸಿ 97. ಬೆನ್ನಿಗೆ ಯಾರ ಹೆಸರು ಹಾಕಿಸಿದರೂ ಅದು ಇದರ ಕೆಳಗೇ ಬರುತ್ತದೆ. ಈ ಜೆರ್ಸಿಯಲ್ಲಿ ನನಗೆ ತುಂಬಾ ಇಷ್ಟದ ಜಾಗ ಅದು.

ಹೆಸರು ಹಾಕಿಸಿದ್ದು ಇಲ್ಲೇ ಬೆಂಗಳೂರಿನಲ್ಲಿ, ಕಾಲೇಜು ಹುಡುಗರ ಟೀಮ್ ಜೆರ್ಸಿ, ಕಂಪನಿ ಟೀ ಶರ್ಟ್ ಎಲ್ಲ ಪ್ರಿಂಟ್ ಮಾಡುವ ಸಣ್ಣ ಅಂಗಡಿಯಲ್ಲಿ. ಮೆಟ್ಟಿಲ ಕೆಳಗೆ ಒಂದು ಕೋಣೆ, ಒಂದು ಹೀಟ್ ಪ್ರೆಸ್ ಮಷಿನ್, ಅಕ್ಷರ ಕತ್ತರಿಸುವ ಮಷಿನ್ ಒಂದು. ಅಕ್ಷರಕ್ಕೆ 35 ರೂಪಾಯಿ, ಅಂಕಿ ಒಂದಕ್ಕೆ 100. ಅಂಗಡಿಯವರು ಹೆಸರು ಬರೆದುಕೊಂಡು ಬೆರಳು ಮಡಚಿ ಎಣಿಸಿದರು. ಇಂಗ್ಲಿಷಿನಲ್ಲಿ ಹದಿನೈದು ಅಕ್ಷರ, ನಡುವೆ ಒಂದು ಅಡ್ಡಗೆರೆ. "ಮೇಡಂ, ಇಷ್ಟುದ್ದ ಹೆಸರು ಬೆನ್ನಲ್ಲಿ ಹಿಡಿಯುತ್ತಾ? ಟ್ರೆಂಟ್ ಅಂತ ಹಾಕಿಸ್ಕೊಳ್ಳಿ, ಐದೇ ಅಕ್ಷರ, ದುಡ್ಡೂ ಉಳಿಯುತ್ತೆ" ಅಂದರು. ಅವನು ಪೂರ್ತಿ ಹೆಸರೇ ಹಾಕಿಕೊಳ್ಳೋದು, ಹಾಗೇ ಬೇಕು ಅಂದೆ. ಅಕ್ಷರಗಳನ್ನು ಕಮಾನಿನ ಹಾಗೆ ಜೋಡಿಸಿ, 97ಕ್ಕೆ ತಾಗದ ಹಾಗೆ ಎರಡು ಬೆರಳು ಕೆಳಗಿಟ್ಟು, ಮೇಲೆ ಕಾಗದ ಹಾಸಿ ಒತ್ತಿದರು. ಒಂದು ಭುಜದಿಂದ ಇನ್ನೊಂದು ಭುಜದವರೆಗೆ ಬಂತು. ಅಡ್ಡಗೆರೆಯನ್ನೂ ಒಂದು ಅಕ್ಷರ ಅಂತ ಹಿಡಿದು ಒಟ್ಟು 760 ರೂಪಾಯಿ. ಕೆಲಸ ಚೆನ್ನಾಗಿತ್ತು, ಒಂದು ಕಡೆ ಬಿಟ್ಟು. ಆ ಅಡ್ಡಗೆರೆ ಇದೆಯಲ್ಲ, ಸರಿಯಾಗಿ ಬೆನ್ನಿನ ನಡುವೆ, ಬಗ್ಗಿದಾಗೆಲ್ಲ ಬಟ್ಟೆ ಎಳೆಯುವ ಜಾಗ. ಐದಾರು ತಿಂಗಳಿಗೆ ಒಂದು ತುದಿ ಎದ್ದಿತು.

ಅದನ್ನು ಅಂಟಿಸಿಕೊಂಡು ಬರೋಣ ಅಂತ ನಾನು ಆ ಅಂಗಡಿಗೆ ಮತ್ತೆ ಹೋಗಿದ್ದು 2025ರ ಮೇ ಎರಡನೇ ವಾರ. ಆ ವಾರ ಏನಾಗಿತ್ತು ಅಂತ ಲಿವರ್‌ಪೂಲ್ ಅಭಿಮಾನಿಗಳಿಗೆ ನೆನಪಿಸಬೇಕಾಗಿಲ್ಲ. ಮೇ 5ರಂದು ಟ್ರೆಂಟ್ ಕ್ಲಬ್ ಬಿಡುತ್ತೇನೆ ಅಂತ ಹೇಳಿದ್ದ. ಎಲ್ಲಿಗೆ ಅಂತ ಅವನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ, ಸ್ಪೇನಿನ ರಿಯಲ್ ಮ್ಯಾಡ್ರಿಡ್ ಅಂತ ತಿಂಗಳುಗಟ್ಟಲೆ ಎಲ್ಲ ಕಡೆ ಬರುತ್ತಲೇ ಇತ್ತು. ಅಂಗಡಿಯಲ್ಲಿ ನನಗಿಂತ ಮುಂಚೆ ಇಬ್ಬರು ಹುಡುಗರು ನಿಂತಿದ್ದರು, ಇಬ್ಬರ ಕೈಯಲ್ಲೂ ಇದೇ ಜೆರ್ಸಿ, ಇದೇ 66. ಅದರ ಬದಲು ನಮ್ಮ ತಂಡದ ಬೇರೆ ಆಟಗಾರರ ಹೆಸರು: ಒಬ್ಬನಿಗೆ ಸಲಾ 11 ಬೇಕಿತ್ತು, ಇನ್ನೊಬ್ಬನಿಗೆ ಬ್ರಾಡ್ಲಿ 84. ಅಂಗಡಿಯವರು ಬಟ್ಟೆ ಬಿಸಿ ಮಾಡಿ, ಚಿಮುಟ ಹಿಡಿದು, ಒಂದೊಂದೇ ಅಕ್ಷರ ಎಬ್ಬಿಸುತ್ತಿದ್ದರು. ಅಕ್ಷರ ಬಂತು, ಅದರ ಗುರುತು ಹೋಗಲಿಲ್ಲ. ಅಂಟು ಕೂತಿದ್ದ ಕಡೆ ಬಟ್ಟೆ ಸ್ವಲ್ಪ ಗಾಢ ಕೆಂಪಾಗಿ, ಹೊಳಪಾಗಿ ಉಳಿದಿತ್ತು, ಬೆಳಕಿಗೆ ಹಿಡಿದರೆ ಹದಿನೈದು ಅಕ್ಷರವನ್ನೂ ಓದಬಹುದಿತ್ತು. ಹೆಸರು ತೆಗೆಸಬೇಕು ಅಂತಿದ್ದವರಿಗೆ ಈ ಮಾಹಿತಿ ಮುಖ್ಯ: ಪೂರ್ತಿ ಹೋಗಲ್ಲ. ಚಿಕ್ಕ ಹೆಸರನ್ನು ಅದರ ಮೇಲೆ ಹಾಕಿಸಿದರೆ ಎರಡೂ ಪಕ್ಕದಲ್ಲಿ ಹಳೆಯದು ಕಾಣುತ್ತದೆ.

ನನ್ನ ಸರದಿ ಬಂದಾಗ "ನಿಮ್ಮದೂ ತೆಗೀಬೇಕಾ ಮೇಡಂ?" ಅಂತ ಕೇಳಿದರು. ಇಲ್ಲ, ಅಡ್ಡಗೆರೆ ಅಂಟಿಸಿಕೊಡಿ ಅಂದೆ. ಮುಂದೆ ನಿಂತಿದ್ದ ಹುಡುಗ ತಿರುಗಿ ನೋಡಿದ. ಮುಂದಿನ ಅರ್ಧ ಗಂಟೆ ಆ ಮೆಟ್ಟಿಲ ಕೆಳಗೆ ನಡೆದ ವಾದ, ಅದಾದ ಮೇಲೆ ಬಸವನಗುಡಿಯಲ್ಲಿ ನಮ್ಮ ಗೆಳತಿ ಮನೆ ಮಹಡಿಯ ಮೇಲೆ ಪ್ರತಿ ಭಾನುವಾರ ನಡೆದ ವಾದ, ಎರಡೂ ಒಂದೇ. ಜೆರ್ಸಿ ರಿವ್ಯೂನಲ್ಲಿ ಇದೆಲ್ಲ ಯಾಕೆ ಅಂತ ಕೇಳಬೇಡಿ. ಬೆನ್ನ ಮೇಲಿನ ಹೆಸರಿಗೆ ದುಡ್ಡು ಕೊಟ್ಟಿದ್ದೇವೆ, ಅದೂ ಈ ವಸ್ತುವಿನ ಭಾಗವೇ ಅಲ್ವಾ.

ಸಿಟ್ಟಾದವರ ಮಾತು ನನ್ನ ಚಿಕ್ಕಪ್ಪನ ಮಗನ ಬಾಯಲ್ಲಿ ಕೇಳಿದರೆ ಚೆನ್ನಾಗಿ ಅರ್ಥವಾಗುತ್ತದೆ. "ಅಕ್ಕ, ಹೋಗಲಿ, ಯಾರು ಬೇಡ ಅಂದ್ರು? ಆದ್ರೆ ಬಿಡಿಗಾಸು ಕೊಡದೆ ಹೋದನಲ್ಲ" ಅನ್ನುತ್ತಾನೆ. ಅವನ ಲೆಕ್ಕ ಹೀಗಿದೆ. ಆರು ವರ್ಷದವನಿದ್ದಾಗ ಅಕಾಡೆಮಿಗೆ ಸೇರಿದ ಊರಿನ ಹುಡುಗ. ಇಪ್ಪತ್ತು ವರ್ಷ ಕ್ಲಬ್ ಬೆಳೆಸಿತು. ಕಾಂಟ್ರಾಕ್ಟ್ 2025ರ ಜೂನ್‌ಗೆ ಮುಗಿಯುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು, ಮುಗಿದ ಮೇಲೆ ಹೋದರೆ ಹಳೆ ಕ್ಲಬ್ಬಿಗೆ ದುಡ್ಡು ಬರಲ್ಲ. ಅದೇ ಸೀಸನ್ನಿನಲ್ಲಿ ಸಲಾದು, ವಾನ್ ಡೈಕ್‌ದೂ ಮುಗಿಯುವುದಿತ್ತು. ಏಪ್ರಿಲ್‌ನಲ್ಲಿ ಒಂದೇ ವಾರದೊಳಗೆ ಇಬ್ಬರೂ ಎರಡೆರಡು ವರ್ಷಕ್ಕೆ ಸಹಿ ಹಾಕಿದರು. ಹೊರಗಿಂದ ಬಂದ ಇಬ್ಬರು ಉಳಿದರು, ಊರಿನವನು ಹೊರಟ. ರಿಯಲ್ ಮ್ಯಾಡ್ರಿಡ್ ಕೊನೆಗೆ ಕೊಟ್ಟಿದ್ದು ಸುಮಾರು ಒಂದು ಕೋಟಿ ಯೂರೋ, ಅದೂ ಕ್ಲಬ್ ವರ್ಲ್ಡ್ ಕಪ್ ಆಡಿಸೋಣ ಅಂತ ಒಂದು ತಿಂಗಳು ಮುಂಚೆ ಬಿಡಿಸಿಕೊಳ್ಳುವುದಕ್ಕೆ. ಅವನ ಜಾಗಕ್ಕೆ ಅಂತ ಲೆವರ್‌ಕುಸೆನ್‌ನಿಂದ ಫ್ರಿಂಪಾಂಗ್‌ನನ್ನು ತರಲು ಲಿವರ್‌ಪೂಲ್ ಕೊಟ್ಟಿದ್ದು ಅದರ ಮೂರು ಪಟ್ಟಿಗೂ ಜಾಸ್ತಿ.

ಇನ್ನೊಂದು ವಿಷಯ, ಹೋಗಿದ್ದು ಯಾವ ಕ್ಲಬ್ಬಿಗೆ ಅಂತ. ರಿಯಲ್ ಮ್ಯಾಡ್ರಿಡ್ ಎದುರಾಳಿ ಹೇಗಾಗುತ್ತದೆ, ಅದೇ ಊರಿನ ಎವರ್ಟನ್ನಿಗೋ ಯುನೈಟೆಡ್ಡಿಗೋ ಹೋದರೆ ಅದು ಬೇರೆ ಮಾತು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 2018ರ ಚಾಂಪಿಯನ್ಸ್ ಲೀಗ್ ಫೈನಲ್ ಕೀವ್‌ನಲ್ಲಿ 3-1, 2021ರ ಕ್ವಾರ್ಟರ್ ಫೈನಲ್, 2022ರ ಪ್ಯಾರಿಸ್ ಫೈನಲ್ 1-0, ಮತ್ತೆ 2023ರಲ್ಲಿ ಮುಂಚಿನ ಸುತ್ತಿನಲ್ಲೇ. ನಾಲ್ಕು ಸಲ ನಮ್ಮನ್ನು ಮನೆಗೆ ಕಳಿಸಿದ ತಂಡ ಅದು. ಪ್ಯಾರಿಸ್‌ನಲ್ಲಿ ಅವರ ವಿನಿಸಿಯಸ್ ಗೋಲು ಹೊಡೆದಿದ್ದು ಟ್ರೆಂಟ್‌ನ ಬೆನ್ನ ಹಿಂದಿನಿಂದ ಬಂದು. ಆ ಗೋಲನ್ನು ನೋಡಿ ನಾನು ಟಿವಿ ಆರಿಸಿ ಸುಮ್ನೆ ಕತ್ತಲಲ್ಲಿ ಕೂತಿದ್ದೆ. ಅದೇ ವಿನಿಸಿಯಸ್ ಜೊತೆ ಅವನು ಆಡಲು ಹೋದ ಅಂದರೆ ನೋವಾಗುತ್ತದೆ. ಆ ನೋವು ಸುಳ್ಳಲ್ಲ, ಹೊಟ್ಟೆಕಿಚ್ಚೂ ಅಲ್ಲ.

ಗೆಳತಿಯ ವಾದ ಇದಕ್ಕೆ ಪೂರ್ತಿ ಉಲ್ಟಾ. ಅವಳು ಹೇಳುವುದು, ತಪ್ಪು ಕ್ಲಬ್ಬಿನದು. ಅವನು ಕೊನೆಯ ಕಾಂಟ್ರಾಕ್ಟಿಗೆ ಸಹಿ ಹಾಕಿದ್ದು 2021ರ ಜುಲೈನಲ್ಲಿ. ನಾಲ್ಕು ವರ್ಷದ್ದು. ಬುದ್ಧಿವಂತ ಕ್ಲಬ್ ಎರಡು ವರ್ಷ ಬಾಕಿ ಇರುವಾಗಲೇ ಕೂರಿಸಿ ಮಾತಾಡುತ್ತದೆ, ಅಂದರೆ 2023ರಲ್ಲಿ. ಆಗ ಆಟಗಾರರ ಕಾಂಟ್ರಾಕ್ಟ್ ನೋಡಿಕೊಳ್ಳುವ ನಮ್ಮ ಸ್ಪೋರ್ಟಿಂಗ್ ಡೈರೆಕ್ಟರ್ ಕುರ್ಚಿಯಲ್ಲಿ ಯಾರೂ ನೆಟ್ಟಗೆ ಕೂರಲಿಲ್ಲ, ಒಬ್ಬರು ಹೋದರು, ಇನ್ನೊಬ್ಬರು ಸ್ವಲ್ಪ ದಿನ ಇದ್ದು ಹೋದರು, ಅಷ್ಟರಲ್ಲಿ 2024ರ ಜನವರಿಯಲ್ಲಿ ಕೋಚ್ ಕ್ಲಾಪ್ ಕೂಡ ನಾನು ಹೊರಡುತ್ತೇನೆ ಅಂದುಬಿಟ್ಟ. ಮೂವರು ಮುಖ್ಯ ಆಟಗಾರರ ಕಾಂಟ್ರಾಕ್ಟ್ ಒಂದೇ ದಿನ ಮುಗಿಯುವ ಹಾಗೆ ಬಿಟ್ಟಿದ್ದು ಆಟಗಾರರಲ್ಲ. ಈ ಮಾತಿಗೆ ನನ್ನ ತಮ್ಮನ ಹತ್ತಿರ ಉತ್ತರ ಇಲ್ಲ, ನನ್ನ ಹತ್ತಿರವೂ ಇಲ್ಲ.

ಅವನು ಕೊಟ್ಟಿದ್ದೇನು ಅಂತಲೂ ನೋಡಬೇಕು. 354 ಮ್ಯಾಚ್. 23 ಗೋಲು, 92 ಅಸಿಸ್ಟ್, ಅಂದರೆ ಬೇರೆಯವರು ಗೋಲು ಹೊಡೆಯಲು ಕೊಟ್ಟ ಪಾಸ್. ಎರಡು ಪ್ರೀಮಿಯರ್ ಲೀಗ್, ಒಂದು ಚಾಂಪಿಯನ್ಸ್ ಲೀಗ್, ಜೊತೆಗೆ ಎಫ್‌ಎ ಕಪ್, ಲೀಗ್ ಕಪ್ ಎಲ್ಲ. 2019-20ರ ಲೀಗಿನಲ್ಲಿ ಒಬ್ಬ ರೈಟ್‌ಬ್ಯಾಕ್ 13 ಅಸಿಸ್ಟ್ ಮಾಡಿದ. ರೈಟ್‌ಬ್ಯಾಕ್ ಅಂದರೆ ಲೈನಿನ ಪಕ್ಕ ಓಡುವವನು, ತಂಡದಲ್ಲಿ ಕಡಿಮೆ ಮಾತಾಡಿಸುವವನು, ಜೆರ್ಸಿ ಅಂಗಡಿಯಲ್ಲಿ ಯಾರೂ ಕೇಳದ ಹೆಸರು. ಮಕ್ಕಳು ರೈಟ್‌ಬ್ಯಾಕ್ ಹೆಸರು ಬೆನ್ನಿಗೆ ಹಾಕಿಸಿಕೊಳ್ಳುವ ಹಾಗೆ ಮಾಡಿದ್ದು ಇವನು. 2019ರ ಮೇ 7ರ ರಾತ್ರಿ ಬಾರ್ಸಿಲೋನಾ ಎದುರು, ಎರಡು ಮ್ಯಾಚಿನಲ್ಲಿ ಮೊದಲನೆಯದನ್ನು 3-0 ಸೋತು ಬಂದ ನಮ್ಮ ತಂಡ ನಮ್ಮ ಮೈದಾನದಲ್ಲಿ 3-0 ಮುಂದಿದೆ, 79ನೇ ನಿಮಿಷ, ಕಾರ್ನರ್. ಚೆಂಡು ಇಟ್ಟು, ಬೇರೆಯವರು ಹೊಡೆಯಲಿ ಅಂತ ಬಿಟ್ಟು ಹೊರಟವನ ಹಾಗೆ ಎರಡು ಹೆಜ್ಜೆ ನಡೆದ. ಬಾರ್ಸಿಲೋನಾದವರು ಬೇರೆ ಕಡೆ ನೋಡುತ್ತಿದ್ದರು. ತಟ್ಟನೆ ತಿರುಗಿ ಬಂದು ಒದ್ದ, ಒರಿಗಿ ಒಳಗೆ ಹಾಕಿದ. ಆಗ ಅವನಿಗೆ ಇಪ್ಪತ್ತು ವರ್ಷ. ನಾನು ಆ ಗೋಲನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ, ಇವತ್ತಿಗೂ ಆ ಎರಡು ಹೆಜ್ಜೆ ಬಂದಾಗ ಉಸಿರು ಹಿಡಿಯುತ್ತೇನೆ.

ನಮ್ಮ ಗುಂಪಿನಲ್ಲಿ ಆರ್ಸೆನಲ್ ಅಭಿಮಾನಿ ಒಬ್ಬರಿದ್ದಾರೆ, ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವರು. ಅವರು ಇದನ್ನೆಲ್ಲ ಕೇಳಿ, "ನಮ್ಮ ಆಶ್ಲಿ ಕೋಲ್ 2006ರಲ್ಲಿ ಚೆಲ್ಸಿಗೆ ಹೋದ, ಅದೂ ಒಂದೇ ಊರಿನ ಕ್ಲಬ್ಬು. ನಿಮ್ಮದು ಏನೂ ಅಲ್ಲ ಬಿಡಿ" ಅಂದರು. ಬೆಂಗಳೂರು ಎಫ್‌ಸಿ ಕಡೆಯವನೊಬ್ಬ ಅಲ್ಲಿಂದಲೇ ಶುರು ಮಾಡಿದ. ನಿಶು ಕುಮಾರ್ 2020ರಲ್ಲಿ ಇಲ್ಲಿಂದ ಹೊರಟು ಸೀದಾ ಕೇರಳ ಬ್ಲಾಸ್ಟರ್ಸ್‌ಗೆ ಸೇರಿದ, ಅವನೂ ಫುಲ್‌ಬ್ಯಾಕೇ. ಕಂಠೀರವದಲ್ಲಿ ಕೇರಳದ ಮ್ಯಾಚ್ ನೋಡಿದವರಿಗೆ ಅದರ ಬಿಸಿ ಗೊತ್ತು. ಇನ್ನು ರಾಹುಲ್ ಭೇಕೆ. 2019ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಗೋವಾ ಎದುರು 117ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದು ಬೆಂಗಳೂರಿಗೆ ಕಪ್ ತಂದುಕೊಟ್ಟವನು. 2021ರಲ್ಲಿ ಮುಂಬೈ ಸಿಟಿಗೆ ಹೋದ. 2024ರಲ್ಲಿ ವಾಪಸ್ ಬಂದ. "ಅವನು ಹೋಗುವಾಗ ನಾನು ಬೈದಿದ್ದೆ, ಬಂದಾಗ ಎದ್ದು ನಿಂತು ಚಪ್ಪಾಳೆ ಹೊಡೆದೆ. ಬೈದಿದ್ದಕ್ಕೆ ಇವತ್ತು ಬೇಜಾರಿದೆ" ಅಂದ. ಅದನ್ನು ಕೇಳಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನನ್ನ ಅಭಿಪ್ರಾಯ ಗಟ್ಟಿಯಾಗಿದ್ದು ಮೇ 11ರ ಭಾನುವಾರ ರಾತ್ರಿ. ನಮಗೆ ಒಂಬತ್ತು ಗಂಟೆಗೆ ಶುರು, ಆರ್ಸೆನಲ್ ಎದುರು. ಲೀಗ್ ಆಗಲೇ ಗೆದ್ದಾಗಿತ್ತು, ಏಪ್ರಿಲ್ 27ರಂದೇ, ಟಾಟನ್‌ಹ್ಯಾಮ್‌ಗೆ ಐದು ಗೋಲು ಹೊಡೆದು. ಆರ್ಸೆನಲ್ ಆಟಗಾರರೇ ಸಾಲಾಗಿ ನಿಂತು ನಮ್ಮವರಿಗೆ ಚಪ್ಪಾಳೆ ಹೊಡೆದು ಒಳಗೆ ಕಳಿಸಿದರು. 67ನೇ ನಿಮಿಷಕ್ಕೆ ಬ್ರಾಡ್ಲಿ ಬದಲು ಟ್ರೆಂಟ್ ಬಂದ. ನಮ್ಮ ಮೈದಾನ ಆನ್‌ಫೀಲ್ಡ್‌ನಲ್ಲಿ ಬೂ ಅನ್ನುವ ಸದ್ದು. ಒಂದು ಸಲ ಅಲ್ಲ, ಚೆಂಡು ಅವನ ಕಾಲಿಗೆ ಬಂದಾಗೆಲ್ಲ. ಅದೇ ಮೈದಾನದಲ್ಲಿ ಚಪ್ಪಾಳೆ ಹೊಡೆದು ಆ ಸದ್ದನ್ನು ಮುಚ್ಚಲು ನೋಡಿದವರೂ ಇದ್ದರು, ಅದೂ ಕೇಳಿಸುತ್ತಿತ್ತು. ಮಹಡಿಯ ಮೇಲೆ ನನ್ನ ತಮ್ಮ ಕೂಡ ಬೂ ಅಂದ. ನಾನು ಇದೇ ಜೆರ್ಸಿ ಹಾಕಿಕೊಂಡು ಅವನ ಮುಂದೆ ಕೂತಿದ್ದೆ. ಮೂರು ವಾರದ ಹಿಂದೆ, ಏಪ್ರಿಲ್ 20ರಂದು, ಗಾಯದಿಂದ ಎದ್ದು ಬಂದು ಲೆಸ್ಟರ್‌ನಲ್ಲಿ ಎಡಗಾಲಲ್ಲಿ ಗೋಲು ಹೊಡೆದು ಗೆಲ್ಲಿಸಿದಾಗ, ಜೆರ್ಸಿ ಬಿಚ್ಚಿ ಕಾರ್ನರ್ ಬಾವುಟದ ಕೋಲಿಗೆ ನೇತುಹಾಕಿದಾಗ, ಇದೇ ಹುಡುಗ ಕುರ್ಚಿ ಮೇಲೆ ಹತ್ತಿ ಕುಣಿದಿದ್ದ.

ಆವತ್ತು ನಾನು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಕೆಂಪು ಜೆರ್ಸಿ ಮೈಮೇಲೆ ಇರುವ ತನಕ ಅವನು ನಮ್ಮವನು. ನಮ್ಮ ತಂಡಕ್ಕೆ ಆಡುತ್ತಿರುವವನಿಗೆ ನಮ್ಮ ಮೈದಾನದಲ್ಲೇ ಬೂ ಅನ್ನಬಾರದು, ಸಿಟ್ಟು ಎಷ್ಟೇ ಇರಲಿ. ಮ್ಯಾಡ್ರಿಡ್‌ನ ಬಿಳಿ ಜೆರ್ಸಿ ಹಾಕಿಕೊಂಡು ಬಂದ ದಿನ ಗಂಟಲು ಹರಿಯುವ ತನಕ ಕೂಗಿ, ಅದು ಆಟದ ಹಕ್ಕು. ಎರಡು ವಾರ ಕಳೆದು ಮೇ 25ಕ್ಕೆ ಕ್ರಿಸ್ಟಲ್ ಪ್ಯಾಲೆಸ್ ಎದುರು ಎರಡನೇ ಅರ್ಧಕ್ಕೆ ಬಂದಾಗ ಅದೇ ಆನ್‌ಫೀಲ್ಡ್ ಚಪ್ಪಾಳೆ ಹೊಡೆಯಿತು. ಅವನು ಕಪ್ ಎತ್ತಿದ, ಕಣ್ಣೊರೆಸಿಕೊಂಡ. ನಾನೂ ಅತ್ತೆ.

2025ರ ನವೆಂಬರ್ 4ರಂದು ರಿಯಲ್ ಮ್ಯಾಡ್ರಿಡ್ ಆನ್‌ಫೀಲ್ಡ್‌ಗೆ ಬಂತು. ನಮಗೆ ರಾತ್ರಿ ಒಂದೂವರೆ. ಅದಕ್ಕೂ ಮುಂಚೆ ಮೈದಾನದ ಹತ್ತಿರ ಇರುವ ಅವನ ಗೋಡೆ ಚಿತ್ರವನ್ನು ಯಾರೋ ಹಾಳು ಮಾಡಿದ್ದರು. ಅದು ನನಗೆ ಇಷ್ಟ ಆಗಲಿಲ್ಲ. ಅವನು ಕೊನೆಯ ಹತ್ತು ನಿಮಿಷಕ್ಕೆ ಬದಲಿಯಾಗಿ ಬಂದ. ಬೆನ್ನಿಗೆ 12, ಅದರ ಮೇಲೆ ಬರೀ ಟ್ರೆಂಟ್, ಐದಕ್ಷರ. ನನಗೆ ತಕ್ಷಣ ಅಂಗಡಿಯವರ ಮಾತು ನೆನಪಾಯಿತು. ಮೈದಾನ ಪೂರ್ತಿ ಬೂ ಅಂದಿತು. ನಾನೂ ಅಂದೆ, ಅಕ್ಕಪಕ್ಕದ ಮನೆಯವರು ಮಲಗಿದ್ದರು ಅಂತ ಬಾಯಿಗೆ ದಿಂಬು ಇಟ್ಟುಕೊಂಡು ಅಂದೆ. ಮ್ಯಾಕ್ ಅಲಿಸ್ಟರ್ ಗೋಲಿನಿಂದ 1-0 ಗೆದ್ದೆವು. ಆವತ್ತು ನನ್ನ ಮೈಮೇಲೆ ಇದ್ದದ್ದು ಇದೇ ಜೆರ್ಸಿ, ಇದೇ 66.

ಇದರಲ್ಲಿ ವಿರೋಧ ಇದೆ ಅಂತ ತಮ್ಮ ಹೇಳುತ್ತಾನೆ. ನನಗೆ ಕಾಣಿಸುವುದಿಲ್ಲ. ಬೆನ್ನಲ್ಲಿರುವುದು 2016ರಿಂದ 2025ರ ತನಕ ನಮಗೆ ಆಡಿದವನ ಹೆಸರು, ಪೂರ್ತಿ ಹದಿನೈದು ಅಕ್ಷರದ್ದು. ಮ್ಯಾಡ್ರಿಡ್‌ನಲ್ಲಿ ಆಡುವವನಿಗೆ ಬೇರೆ ಬಣ್ಣ, ಬೇರೆ ನಂಬರ್, ಹೆಸರು ಕೂಡ ಅರ್ಧ. ಬಿಟ್ಟುಹೋದ ರೀತಿ ನನಗೆ ಇವತ್ತಿಗೂ ಹಿಡಿಸಿಲ್ಲ. ಒಂದು ವರ್ಷ ಮುಂಚೆ ಹೇಳಿದ್ದರೆ ಕ್ಲಬ್ಬಿಗೆ ನಾಲ್ಕು ಕಾಸು ಬರುತ್ತಿತ್ತು, ನಮಗೂ ಮನಸ್ಸು ಹೊಂದಿಸಿಕೊಳ್ಳಲು ಸಮಯ ಸಿಗುತ್ತಿತ್ತು. ಅದಕ್ಕೆ ಅಂತ ಬಾರ್ಸಿಲೋನಾ ಕಾರ್ನರನ್ನು ನಾನು ಚಿಮುಟದಲ್ಲಿ ಕಿತ್ತು ತೆಗೆಯುವುದಿಲ್ಲ.

ಈಗ ಕೊಳ್ಳುವವರಿಗೆ ನಾಲ್ಕು ಮಾತು. ಇದು ಹಳೆಯ ಸೀಸನ್ನಿನದು, ಆದ್ದರಿಂದ ಸಿಕ್ಕರೆ ಬೆಲೆ ಕಡಿಮೆ ಇರಬಹುದು, ಆದರೆ ನಕಲಿ ತುಂಬ ಓಡಾಡುತ್ತಿವೆ. ಕುತ್ತಿಗೆ ಹಿಂದಿನ 97 ನೋಡಿ, ನಾನು ನೋಡಿದ ಎರಡು ನಕಲಿಗಳಲ್ಲಿ ಜ್ವಾಲೆ ಬರೀ ಚುಕ್ಕೆಯ ಹಾಗಿತ್ತು. ಕಟ್ ಸ್ವಲ್ಪ ಬಿಗಿ, ಮಾಮೂಲಿ ಎಂ ಹಾಕುವವರು ಎಲ್ ತೆಗೆದುಕೊಳ್ಳಿ. ಒಗೆಯುವಾಗ ಒಳಗಡೆ ಹೊರಗೆ ಮಾಡಿ ತಣ್ಣೀರಿಗೆ ಹಾಕಿ, ಪ್ರಿಂಟಿನ ಮೇಲೆ ನೇರವಾಗಿ ಇಸ್ತ್ರಿ ಬೇಡ. ಹೆಸರು ಹಾಕಿಸುವಾಗ ಮಷಿನ್ ಎರಡು ಸಲ ಒತ್ತಲು ಹೇಳಿ, ಮೊದಲನೆಯದು ಆರಿದ ಮೇಲೆ ಇನ್ನೊಂದು. ನನಗೆ ಎರಡನೇ ಸಲ ಅಡ್ಡಗೆರೆ ಅಂಟಿಸಿದಾಗ ಅವರು ಹಾಗೇ ಮಾಡಿದರು, ದುಡ್ಡು ಕೊಡಲು ಹೋದರೆ ಬೇಡ ಅಂದರು. ಅದಾದ ಮೇಲೆ ಇವತ್ತಿನ ತನಕ ತುದಿ ಎದ್ದಿಲ್ಲ.